ಆ ಹಡಗಿನ ಹಿತ್ತಾಳೆ ಪ್ಲೇಟುಗಳು

ಆ ಹಡಗನ್ನು ನಾನು ಕಣ್ಣಿಂದ ನೋಡಿಲ್ಲ. ಸಮುದ್ರವನ್ನೇ ಜೀವಮಾನದಲ್ಲಿ ಎರಡು ಸಲ ನೋಡಿದವಳು, ಹಡಗು ಎಲ್ಲಿಂದ ನೋಡಲಿ? ನಾನು ನೋಡಿದ್ದು ಅದರ ಪ್ಲೇಟುಗಳನ್ನು. ಯಾವ ಪೈಪಿನಲ್ಲಿ ಎಣ್ಣೆ, ಯಾವುದರಲ್ಲಿ ನೀರು, ಯಾವ ಚಕ್ರ ತಿರುಗಿಸಿದರೆ ಯಾವುದು ತೆರೆಯುತ್ತದೆ ಎಂದು ಹೇಳುವ ಅಂಗೈ ಅಗಲದ ಹಿತ್ತಾಳೆ ಪ್ಲೇಟುಗಳು ಹಡಗಿನ ತುಂಬ ಇರುತ್ತವೆ. ಅವುಗಳ ಮೇಲೆ ಅಕ್ಷರ ಕೊರೆಯುವ ಒಂದು ಸಣ್ಣ ಕಾರಖಾನೆ ಪುಣೆಯ ಭೋಸರಿಯಲ್ಲಿದೆ. ಅಲ್ಲಿ ಪ್ಲೇಟು ತಪಾಸಣೆ ಮಾಡಿ ನಂಬರು ಹೊಡೆಯುವುದು ನನ್ನ ಕೆಲಸ. ಮೂವತ್ತು ವರ್ಷ ಆಯಿತು.

ಆ ಹಡಗು ಕಟ್ಟಿದ್ದು ದೂರದ ಒಂದು ಪುಟ್ಟ ದೇಶದ ನೌಕಾಪಡೆಗೆ. ದೇಶದ ಹೆಸರು ಬೇಡ. ಕಟ್ಟಿ ಮುಗಿಯುವ ಹೊತ್ತಿಗೆ ಇಲ್ಲಿ ಯುದ್ಧದ ವಾತಾವರಣ ಬಂತು, ಹಡಗನ್ನು ನಮ್ಮವರೇ ಇಟ್ಟುಕೊಂಡರು. ಅದರ ಎಂಜಿನ್ ಕೋಣೆಯ ಜವಾಬ್ದಾರಿ ಹೊರಬೇಕಿದ್ದ ಅಧಿಕಾರಿ ಆರು ತಿಂಗಳು ನನ್ನ ಸ್ಕೂಟರಿನ ಹಿಂದೆ ಕೂತು ಕೋಥರೂಡದಿಂದ ಭೋಸರಿಗೆ ಓಡಾಡಿದ್ದರು. ಅವರಿಗೆ ಆ ಹಡಗು ಸಿಗಲಿಲ್ಲ. ಜೊತೆಗೆ ನನ್ನದೊಂದು ತಪ್ಪೂ ಇತ್ತು, ಅದನ್ನೂ ಹೇಳುತ್ತೇನೆ.

ನಮ್ಮ ಮಾಲಕರು ವಿಜಯಪುರದ ಕಡೆಯವರು. ಅವರ ಅಪ್ಪ ಪುಣೆಗೆ ಕಾಳು-ಕಡಿ ವ್ಯಾಪಾರಕ್ಕೆ ಬಂದವರು, ಮಗ ಹಿತ್ತಾಳೆಗೆ ಇಳಿದರು. ಮಶೀನು ನಡೆಸುವಾಕೆ ಯಾದಗಿರಿ ಕಡೆಯವಳು, ಎರಡು ಮಕ್ಕಳ ತಾಯಿ, ಕೈ ಭಾಳ ಚೊಕ್ಕ. ಒಳಗೆ ಮಾತೆಲ್ಲ ಕನ್ನಡ. ಬಾಗಿಲು ದಾಟಿದರೆ ಮರಾಠಿ. ಆರ್ಡರು ಬಂದಾಗ ಮಾಲಕರು ನನ್ನನ್ನು ಕರೆದು ಒಂದು ದಪ್ಪ ಪಟ್ಟಿ ತೋರಿಸಿದರು. ಒಂದೂ ಇಂಗ್ಲಿಷ್ ಅಕ್ಷರ ಇರಲಿಲ್ಲ. ನಮ್ಮ ನಾವಿಕರು ಓದುವುದು ನಮ್ಮ ಲಿಪಿ, ಬೇರೆ ಯಾವುದೂ ಬೇಡ ಅಂತ ಆ ದೇಶದವರು ಕರಾರಿನಲ್ಲಿ ಬರೆದಿದ್ದರಂತೆ.

"ಇದನ್ನ ಹೆಂಗ ತಪಾಸಣಿ ಮಾಡ್ಲಿರಿ? ನನಗ ಇದು ಕೋಳಿ ಕೆದರಿದಂಗ ಕಾಣ್ತದ," ಅಂದೆ.

"ನೀವ ಓದಬ್ಯಾಡ್ರಿ. ನೋಡ್ರಿ ಸಾಕು," ಅಂದರು ಮಾಲಕರು. ಅವರಿಗೇನು, ಹೇಳಿದರು ಹೋದರು.

ಖರೇ ಹೇಳಬೇಕೆಂದರೆ, ಓದಲು ಬಾರದ ಅಕ್ಷರ ತಪಾಸಣೆ ಮಾಡುವುದು ಒಂದು ನಮೂನೆ ಸುಲಭ. ಓದಲು ಬರುವಲ್ಲಿ ಕಣ್ಣು ಅರ್ಧ ನೋಡಿ ಉಳಿದರ್ಧ ತಾನೇ ತುಂಬಿಕೊಳ್ಳುತ್ತದೆ. ಬಾರದಲ್ಲಿ ಗೆರೆ ಗೆರೆ ನೋಡಲೇಬೇಕು. ಕೊರೆದ ಪ್ಲೇಟನ್ನು ಡ್ರಾಯಿಂಗಿನ ಪಕ್ಕಕ್ಕಿಟ್ಟು, ಬೆರಳು ಹಚ್ಚಿ, ಒಂದೊಂದೇ ಗೆರೆ ನೋಡುತ್ತಿದ್ದೆ. ಸರಿ ಇದ್ದರೆ ಅಲ್ಲೇ, ಆ ಕೂಡಲೇ, ಮೂಲೆಯಲ್ಲಿ ನಂಬರು ಪಂಚು ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದೆ. ಆ ನಂಬರು ನೋಡಿಯೇ ಹಡಗು ಕಟ್ಟುವಲ್ಲಿ ಪ್ಲೇಟನ್ನು ಅದರ ಜಾಗದಲ್ಲಿ ಕೂಡಿಸುತ್ತಾರೆ. ಅವರಿಗೂ ಆ ಲಿಪಿ ಬಾರದು. ಹಾಗಾಗಿ ನಂಬರೇ ಎಲ್ಲ. ನೋಡುವುದು, ಹೊಡೆಯುವುದು ಒಂದೇ ಕೂತಲ್ಲಿ ಆಗಬೇಕು, ನಡುವೆ ಚಹಾಕ್ಕೂ ಏಳಬಾರದು. ಇದು ಯಾರೂ ಬರೆದಿಟ್ಟ ನಿಯಮವಲ್ಲ, ನಾನು ಮಾಡಿಕೊಂಡದ್ದು. ಹೊಸದಾಗಿ ಬಂದವರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು.

ಮೊದಲ ಎರಡು ಪ್ಲೇಟು ಕೊರೆದು ಮುಗಿದದ್ದು ಖಂಡೇನವಮಿಯ ಮುಂಜಾನೆ. ಬೆಂಕಿ ಹತ್ತಿದರೆ ಸಮುದ್ರದ ನೀರನ್ನು ಒಳಗೆ ತರುವ ಒಂದು ವಾಲ್ವಿನವು ಅವು ಅಂತ ಹಡಗು ಕಟ್ಟುವವರಿಂದ ತಿಳಿದು ಮಾಲಕರು ಹೇಳಿದ್ದರು. ಚಕ್ರದ ಒಂದು ಕಡೆಗೆ ತೆರೆ, ಇನ್ನೊಂದು ಕಡೆಗೆ ಮುಚ್ಚು. ನೋಡಿದೆ, ಸರಿ ಇದ್ದವು. ಪಂಚು ಕೈಗೆ ತೆಗೆದುಕೊಂಡೆ, ಅಷ್ಟರಲ್ಲಿ ಮಾಲಕರು, "ಅಯ್ಯ, ಸುತ್ತಿಗಿ ಇಡ್ರಿ ಕೆಳಗ! ಪೂಜಾಕ್ಕ ಕೂತಾವ ಅವು, ಇವತ್ತ ಹೊಡಿತೀರೇನು?" ಅಂದರು.

ಅವರು ಹೇಳಿದ್ದು ಸರಿಯೇ. ಖಂಡೇನವಮಿಯಂದು ಹತಾರ ಪೂಜೆಗೆ ಇಟ್ಟ ಮೇಲೆ ಮುಟ್ಟುವಂತಿಲ್ಲ. ಹೊಸ ಆರ್ಡರಿನ ಮೊದಲ ಮಾಲನ್ನೂ ದೇವರ ಮುಂದೆ ಇಡುವುದು ನಮ್ಮಲ್ಲಿ ನಡೆದು ಬಂದದ್ದು. ಮಶೀನು ಒರೆಸಿ ಚೆಂಡು ಹೂವಿನ ಮಾಲೆ ಹಾಕಿದೆವು. ಮೇಜಿನ ಮೇಲೆ ಲಕ್ಷ್ಮಿಯ ಫೋಟೊ, ಅದರ ಮುಂದೆ ಸುತ್ತಿಗೆ, ಪಂಚುಗಳ ಪೆಟ್ಟಿಗೆ, ಮತ್ತೆ ಆ ಎರಡು ಪ್ಲೇಟು. ತೆರೆಯುವುದು ಶುಭ, ಅದಕ್ಕೇ ಆ ಪ್ಲೇಟನ್ನು ಲಕ್ಷ್ಮಿಯ ಬಲಗೈ ಕಡೆಗೆ ಇಟ್ಟೆ. ಮುಚ್ಚುವುದನ್ನು ಎಡಕ್ಕೆ. ಇದನ್ನು ನಾನೇ ಯೋಚನೆ ಮಾಡಿ ಇಟ್ಟದ್ದು, ಭಾಳ ಶಾಣೇತನ ಮಾಡಿದೆ ಅಂತ ಆವತ್ತು ಅನಿಸಿತ್ತು ಕೂಡ. ಅರಿಷಿಣ ಕುಂಕುಮ ಹಚ್ಚಿ, ಆರತಿ ಬೆಳಗಿ, ಪೇಡೆ ತಿಂದು ಮನೆಗೆ ಹೋದೆವು. ಮರುದಿನ ದಸರಾ, ರಜೆ.

ಅದರ ಮರುದಿನ ಬಂದು ಪ್ಲೇಟು ಒರೆಸಿ, ಬಲಗಡೆಯದು ತೆರೆ, ಎಡಗಡೆಯದು ಮುಚ್ಚು ಅಂತ ನೆನಪು ಮಾಡಿಕೊಂಡು ನಂಬರು ಹೊಡೆದೆ. ಡ್ರಾಯಿಂಗು ತೆಗೆದು ನೋಡಲಿಲ್ಲ. ನೋಡಿ ಆಗಿತ್ತಲ್ಲ ಅಂತ. ಮೊದಲ ಲಾಟಿನ ಪೆಟ್ಟಿಗೆಯಲ್ಲಿ ಅವೆರಡೂ ಹಡಗು ಕಟ್ಟುವಲ್ಲಿಗೆ ಹೋದವು.

ಅಧಿಕಾರಿ ಬಂದದ್ದು ದೀಪಾವಳಿ ಆದ ಮೇಲೆ. ಮೂವತ್ತೈದರ ಆಸುಪಾಸು, ಸಣ್ಣ ಆಳು, ಅಂಗಿಗೆ ಇಸ್ತ್ರಿ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ಎರಡನೇ ಲಾಟಿನಿಂದ ಪ್ರತಿ ಪ್ಲೇಟು ತಾವೇ ಓದಿ ಸಹಿ ಹಾಕಬೇಕು ಅಂತ ಅವರ ಸರಕಾರ ಕಳಿಸಿತ್ತು. ಅವರಿಗೆ ಮಾಲಕರು ಬಾಡಿಗೆಗೆ ಹಿಡಿದ ಮನೆ ಕೋಥರೂಡದಲ್ಲಿ ನಮ್ಮ ಸೊಸೈಟಿಯಲ್ಲೇ, ನಮ್ಮ ಮೇಲಿನ ಮಹಡಿ. ಮೊದಲ ವಾರ ಬಸ್ಸಿನಲ್ಲಿ ಹೋದರು. ಎರಡು ಸಲ ದಾರಿ ತಪ್ಪಿ ಇನ್ನೆಲ್ಲೋ ಇಳಿದರು. ಸಾಕಪ್ಪ ಇದು ಅಂತ ನಾನೇ ಸ್ಕೂಟರಿನ ಮೇಲೆ ಕೂಡಿಸಿಕೊಂಡೆ. ಐವತ್ತಾರು ವರ್ಷದ ಹೆಂಗಸಿನ ಹಿಂದೆ ನೌಕಾಪಡೆಯ ಸಾಹೇಬರು, ಎರಡೂ ಕೈಯಿಂದ ಹಿಂದಿನ ಕಂಬಿ ಬಿಗಿಯಾಗಿ ಹಿಡಿದುಕೊಂಡು. ಸೊಸೈಟಿಯ ಕಾವಲುಗಾರ ದಿನಾ ನಗುತ್ತಿದ್ದ.

ಮೊದಲ ದಿನ ಕಾರಖಾನೆಯಲ್ಲಿ ಅವರು ಇಂಗ್ಲಿಷಿನಲ್ಲಿ ಕೇಳಿದರು, ಹೋದ ಮೊದಲ ಲಾಟಿನ ಫೋಟೊಗಳಿದ್ದರೆ ಅವನ್ನೂ ಒಮ್ಮೆ ಓದಲೇ ಅಂತ. ನನಗೆ ಸಿಟ್ಟು ಬಂತು. ಬಂದು ಎರಡು ತಾಸಾಗಿಲ್ಲ, ನನ್ನ ಕೆಲಸದ ಮೇಲೆ ಕೈ ಇಡುತ್ತಾರಲ್ಲ ಅಂತ. ಮಾಲಕರಿಗೆ ಕನ್ನಡದಲ್ಲೇ ಅಂದೆ, "ನಾ ನೋಡೀನಿ ಅಂದ್ರ ನೋಡೀನಿ. ಮೂವತ್ತ ವರ್ಷದಾಗ ನನ್ನ ಕೈಯಿಂದ ಒಂದ ತಪ್ಪ ಹೋಗಿಲ್ಲಂತ ಹೇಳ್ರಿ ಅವ್ರಿಗೆ." ಮಾಲಕರು ಅದನ್ನು ಏನು ಸಕ್ಕರೆ ಹಚ್ಚಿ ಹೇಳಿದರೋ, ಸಾಹೇಬರು ನನ್ನ ಕಡೆ ನೋಡಿ ತಲೆ ಬಾಗಿಸಿದರು. ಮತ್ತೆ ಕೇಳಲಿಲ್ಲ.

ಅವರು ಕನ್ನಡ ಕಲಿತದ್ದು ನಮ್ಮಿಂದ. ಯಾರೂ ಕಲಿಸಲಿಲ್ಲ, ದಿನವಿಡೀ ಕಿವಿಗೆ ಬೀಳುತ್ತಿತ್ತು, ಹತ್ತಿಕೊಂಡಿತು. ಇದೇ ಪುಣೆಯ ಭಾಷೆ ಅಂತ ಅವರು ತಿಳಿದಿದ್ದರು. ಒಂದು ರವಿವಾರ ಕೋಥರೂಡದ ಕಾಯಿಪಲ್ಲೆ ಗಾಡಿಯ ಮುಂದೆ ನಿಂತು, "ಟಮಾಟಿ ಹೆಂಗ ಕೊಟ್ರಿ?" ಅಂತ ಒಂದೇ ಸಮ ಕೇಳುತ್ತಿದ್ದಾರೆ, ಗಾಡಿಯವಳು ಮಿಕಿಮಿಕಿ ನೋಡುತ್ತಾಳೆ. ನಾನು ಹೋಗಿ ಮರಾಠಿಯಲ್ಲಿ ಮಾತಾಡಿ ಬಿಡಿಸಿಕೊಂಡು ಬಂದೆ.

"ನೀವೆಲ್ಲ ಕೂಡಿ ನನಗ ಮೋಸ ಮಾಡೀರಿ, ಅಕ್ಕಾರ," ಅಂದರು.

"ಹೌದ್ರಿ, ನಿಮ್ಮ ಸಲುವಾಗಿ ಒಂದು ಭಾಷಾನೇ ಹುಟ್ಟಿಸೀವಿ," ಅಂದೆ.

ಸ್ಕೂಟರಿನ ಮೇಲೆ ಮಾತು ಕಡಿಮೆ. ಗಾಳಿ, ಹಾರ್ನು, ಟ್ರಕ್ಕು. ಮುಖ ಕಾಣದ್ದಕ್ಕೋ ಏನೋ, ಸಿಗ್ನಲ್ಲಿನಲ್ಲಿ ನಿಂತಾಗ ಅವರು ಕೆಲವು ಸಂಗತಿ ಹೇಳುತ್ತಿದ್ದರು. ಅವರ ದೇಶಕ್ಕೆ ದೂರ ಹೋಗಬಲ್ಲ ಹಡಗು ಇದ್ದದ್ದು ಒಂದೇ, ಅದೂ ಮುದಿಯಾಗಿ ತಿಂಗಳಲ್ಲಿ ಇಪ್ಪತ್ತು ದಿನ ದುರಸ್ತಿಯಲ್ಲಿರುತ್ತಿತ್ತು. ಅವರ ಅಣ್ಣ ಮೀನು ಹಿಡಿಯಲು ಹೋದ ದೋಣಿ ಬಿರುಗಾಳಿಗೆ ಸಿಕ್ಕಾಗ ಸುದ್ದಿ ಬಂದದ್ದು ಮುಂಜಾನೆ. ಹಡಗು ಆವತ್ತೂ ದುರಸ್ತಿಯಲ್ಲಿತ್ತು. ನೌಕಾಪಡೆಯಲ್ಲಿದ್ದೂ ಇವರು ದಂಡೆಯ ಮೇಲೆ ನಿಂತಿದ್ದರು. ಅಣ್ಣ ಬರಲಿಲ್ಲ.

"ಈ ಹಡಗ ಬಂದ್ರ, ಯಾರರೆ ಕರೆದ್ರ ಹೋಗ್ಲಿಕ್ಕೆ ಬರ್ತದರಿ. ಅಷ್ಟೇ," ಅಂದರು ಒಮ್ಮೆ. ಹಸಿರು ದೀಪ ಬಿತ್ತು, ಗಾಡಿ ಬಿಟ್ಟೆ.

ಆಮೇಲಿನಿಂದ ಆ ಪ್ಲೇಟುಗಳನ್ನು ನಾನು ಬೇರೆ ಆರ್ಡರಿನ ಪ್ಲೇಟುಗಳಂತೆ ನೋಡಲಿಲ್ಲ. ಹಾಗೆ ನೋಡಬೇಕೆಂದರೂ ಆಗಲಿಲ್ಲ. ಒಂದೊಂದು ಕೈಗೆ ಬಂದಾಗಲೂ, ಇದರ ಮುಂದೆ ಇವರು ನಿಲ್ಲುತ್ತಾರೆ ಅಂತ ಬರುತ್ತಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಹಡಗಿನ ಮೇಲೆ ಹೋಗುವ ನಾವಿಕರ ಪಟ್ಟಿ ಅವರ ಊರಿನಿಂದ ಬಂತು. ಯಾರು ಯಾವ ಮಂಚದಲ್ಲಿ ಮಲಗಬೇಕು ಅನ್ನುವುದು ಕೂಡ ನಿಶ್ಚಯವಾಗಿತ್ತು. ಮಂಚಕ್ಕೊಂದರಂತೆ ಹೆಸರಿನ ಸಣ್ಣ ಪ್ಲೇಟು ಮಾಡಿಕೊಟ್ಟೆವು. ಇದು ಆರ್ಡರಿನಲ್ಲಿ ಇರಲಿಲ್ಲ, ಉಳಿದ ತುಂಡು ಹಿತ್ತಾಳೆಯಲ್ಲಿ ಆಯಿತು. ಒಂದೊಂದು ಹೆಸರು ಓದಿ ಅವರು ಆ ಮನುಷ್ಯನ ಸ್ವಭಾವ ಹೇಳುತ್ತಿದ್ದರು. ಇವ ಗೊರಕೆ ಹೊಡೀತಾನ, ಇವ ಮೊದಲನೇ ಸಲ ಮನಿ ಬಿಡ್ತಾನ, ಇವಗ ಹೆಂಡ್ತಿ ಅಂದ್ರ ಅಂಜಿಕಿ. ಮಶೀನಿನಾಕೆ ನಕ್ಕು ನಕ್ಕು ಕೊರೆಯುವುದನ್ನೇ ನಿಲ್ಲಿಸಿದ್ದಳು.

ಬೇಸಿಗೆಯಲ್ಲಿ ಗಡಿಯ ಸುದ್ದಿ ಸುರುವಾಯಿತು. ಮೊದಲು ಟಿವಿಯಲ್ಲಿ ಕೂಗಾಟ, ಆಮೇಲೆ ಖರೇನೇ ಗುಂಡು. ಸಂಜೆ ದೀಪ ಆರಿಸುವ ಅಭ್ಯಾಸ ಅಂತ ಸೊಸೈಟಿಯಲ್ಲಿ ನೋಟೀಸು ಹಚ್ಚಿದರು. ಭೋಸರಿಯಲ್ಲಿ ಎಲ್ಲ ಕಾರಖಾನೆಗೂ ಅವಸರದ ಆರ್ಡರು. ಒಂದು ದಿನ ಊಟದ ಬಿಡುವಿನಲ್ಲಿ ಸಾಹೇಬರು ತಮ್ಮ ನೌಕಾ ಶಾಲೆಯಲ್ಲಿ ಓದಿದ ಹಳೆಯ ಸಂಗತಿಯೊಂದನ್ನು ಹೇಳಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿ ತುರ್ಕಿ ದೇಶಕ್ಕಾಗಿ ಎರಡು ದೊಡ್ಡ ಯುದ್ಧನೌಕೆ ತಯಾರಾಗುತ್ತಿದ್ದವಂತೆ. ಅವಕ್ಕೆ ಅಲ್ಲಿಯ ಜನ ಊರೂರಲ್ಲಿ ಪಟ್ಟಿ ಎತ್ತಿ ಹಣ ಕೂಡಿಸಿದ್ದರಂತೆ. ಒಯ್ಯಲು ತುರ್ಕಿ ನಾವಿಕರು ಬಂದು ಅಲ್ಲೇ ನದಿಯಲ್ಲಿ ಕಾಯುತ್ತಿದ್ದರಂತೆ. ಇನ್ನೇನು ಕೈಗೆ ಬರಬೇಕು, ಇಂಗ್ಲಿಷರು ಯುದ್ಧ ಬಂತು, ಇವು ನಮಗೇ ಬೇಕು ಅಂತ ಇಟ್ಟುಕೊಂಡರಂತೆ. ಬಂದವರು ಬರಿಗೈಯಲ್ಲಿ ಹೋದರು.

"ನಮ್ಮ ಮಾಸ್ತರು ಇದನ್ನ ಯಾಕ ಕಲಿಸಿದ್ರು ಅಂತ ಆವಾಗ ತಿಳಿದಿದ್ದಿಲ್ಲ," ಅಂದರು.

"ಅವ್ರು ಇಂಗ್ಲಿಷರು ರೀ! ಅವ್ರದೇನ ಕೇಳ್ತೀರಿ," ಅಂದೆ ನಾನು. "ನಮ್ಮಂದಿ ಹಂಗ ಮಾಡೂದಿಲ್ಲ. ಸುಮ್ನ ಉಣ್ರಿ."

ಎಷ್ಟು ಗಟ್ಟಿಯಾಗಿ ಅಂದೆನೆಂದರೆ, ಅವರು ಖರೇನೇ ಉಂಡರು.

ಎಂಟು ಹತ್ತು ದಿನಕ್ಕೆ ಸುದ್ದಿ ಬಂತು, ಹಡಗು ನಮ್ಮವರೇ ಇಟ್ಟುಕೊಳ್ಳುತ್ತಾರೆ ಅಂತ. ಯುದ್ಧ ಬಂದರೆ ಹಾಗೆ ಮಾಡಬಹುದು ಅನ್ನುವ ಕಲಮು ಕರಾರಿನಲ್ಲಿ ಮೊದಲೇ ಇತ್ತಂತೆ. ಹಣ ವಾಪಸು ಕೊಡುತ್ತಾರೆ, ಇನ್ನೊಂದು ಹಡಗು ಕಟ್ಟಿಕೊಡುತ್ತಾರೆ, ಅದಕ್ಕೆ ನಾಲ್ಕು ವರ್ಷ. ತಪ್ಪು ಯಾರದು ಅಂತ ನಾನು ಹೇಳಲಾರೆ. ಗಡಿಯಲ್ಲಿ ನಮ್ಮ ಸೊಸೈಟಿಯ ಒಬ್ಬರ ಅಳಿಯನೂ ಇದ್ದ, ಅವನ ಹೆಂಡತಿ ದಿನಾ ಗುಡಿಗೆ ಹೋಗುತ್ತಿದ್ದಳು. ಹಡಗು ಬೇಕಿತ್ತು, ಇಟ್ಟುಕೊಂಡರು. ಇಷ್ಟೆಲ್ಲ ತಿಳಿದೂ ನನಗೆ ಸಾಹೇಬರ ಎದುರು ನಾಚಿಕೆಯಾಯಿತು. ಅವರು ನನ್ನ ಮಾತು ನೆನಪಿಸಲಿಲ್ಲ. ಊರಿನಿಂದ ಆದೇಶ ಬರುವ ತನಕ ಇಲ್ಲೇ ಇರಬೇಕಾಯಿತು, ಮನೆಯಲ್ಲಿ ಕೂತು ಏನು ಮಾಡಲಿ ಅಂತ ಕಾರಖಾನೆಗೂ ಬರುತ್ತಿದ್ದರು.

ಅವರು ಬರುತ್ತಿದ್ದಾಗಲೇ ಪೆಟ್ಟಿಗೆಗಳು ವಾಪಸು ಬಂದವು. ಹಡಗಿನಿಂದ ಬಿಚ್ಚಿದ ಎಲ್ಲ ಪ್ಲೇಟು. ಒಂದು ವಾರದಲ್ಲಿ ಇಂಗ್ಲಿಷು, ಹಿಂದಿ ಕೊರೆದು ಕೊಡಬೇಕು. ಹೊಸ ಹಿತ್ತಾಳೆ ತರಿಸಿ, ಕತ್ತರಿಸಿ, ಹೊಳಪು ಕೊಡಲು ವೇಳೆಯಿಲ್ಲ. ಮಾಲಕರು ಒಂದು ದಾರಿ ಹುಡುಕಿದರು. ಪ್ಲೇಟು ತಿರುವಿ ಹಾಕಿ ಹಿಂಬದಿಯಲ್ಲಿ ಕೊರೆಯುವುದು. ಹಳೆಯ ಅಕ್ಷರ ಗೋಡೆಯ ಕಡೆ ಹೋಗುತ್ತವೆ, ಯಾರಿಗೂ ಕಾಣುವುದಿಲ್ಲ. ಅದೇ ನಂಬರನ್ನು ಹಿಂಬದಿಗೂ ಹೊಡೆಯುವುದು.

ನಾವು ಸುರು ಮಾಡಿದೆವು. ಸಾಹೇಬರು ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಮಂಚದ ಹೆಸರುಗಳ ಸರದಿ ಬಂದಾಗ ಮಶೀನಿನಾಕೆ ನನ್ನ ಮುಖ ನೋಡಿದಳು. ನಾನು ಮಾಲಕರ ಮುಖ ನೋಡಿದೆ. "ಅವೂ ತಿರುವಿ ಹಾಕ್ರಿ, ಮಂಚದ ನಂಬರ್ ಕೊರೀಲಿಕ್ಕೆ ಬೇಕು," ಅಂದರು ಅವರು, ದನಿ ಸಣ್ಣದು ಮಾಡಿ. ಆಕೆ ಒಂದೊಂದೇ ತಿರುವಿ ಹಾಕಿದಳು. ಸಾಹೇಬರು ಎದ್ದು ಹೊರಗೆ ಹೋಗಿ ನಿಂತರು. ನಾನು ನೀರು ಕುಡಿಯುವ ನೆವದಿಂದ ಹೊರಗೆ ಹೋದೆ. ಅವರು ರಸ್ತೆ ನೋಡುತ್ತಿದ್ದರು, ನಾನೂ ರಸ್ತೆ ನೋಡಿದೆ, ಇಬ್ಬರೂ ಒಳಗೆ ಬಂದೆವು.

ಕಡೆಯ ಪೆಟ್ಟಿಗೆಯಲ್ಲಿ ಮೊದಲ ಲಾಟು ಇತ್ತು. ಆರು ತಿಂಗಳಾದರೂ ಆ ಲಿಪಿ ನನಗೆ ಓದಲು ಬರುತ್ತಿರಲಿಲ್ಲ, ಖರೆ. ತೆರೆ, ಮುಚ್ಚು ಅನ್ನುವ ಎರಡು ಶಬ್ದ ಮಾತ್ರ ನೂರಾರು ಸಲ ನೋಡಿ ಪರಿಚಯವಾಗಿಬಿಟ್ಟಿದ್ದವು. ಇಂಗ್ಲಿಷ್ ಪಟ್ಟಿ ಮುಂದಿಟ್ಟುಕೊಂಡು ಸಮುದ್ರದ ನೀರಿನ ಆ ವಾಲ್ವಿನ ಪ್ಲೇಟು ಎತ್ತಿದೆ. ನಂಬರಿನ ಪ್ರಕಾರ ತೆರೆ. ಪ್ಲೇಟಿನ ಮೇಲೆ ಮುಚ್ಚು. ಜೋಡಿಯದನ್ನು ಎತ್ತಿದೆ. ಅದು ಉಲ್ಟಾ.

ಎರಡನ್ನೂ ಬೆಳಕಿಗೆ ಹಿಡಿದೆ. ಮೂಲೆಯಲ್ಲಿ ಒರೆಸಿದರೂ ಹೋಗದ ಕುಂಕುಮದ ಕೆಂಪು ಇನ್ನೂ ಗೆರೆಯೊಳಗಿತ್ತು. ಆಗ ತಿಳಿಯಿತು. ಇಡುವಾಗ ಲಕ್ಷ್ಮಿಯ ಬಲಗೈ ನೋಡಿ ಇಟ್ಟಿದ್ದೆ. ಫೋಟೊ ನಮಗೆ ಎದುರಾಗಿರುತ್ತದೆ, ಆಕೆಯ ಬಲ ಅಂದರೆ ನನ್ನ ಎಡ. ಎರಡು ದಿನ ಬಿಟ್ಟು ಎತ್ತುವಾಗ ನನ್ನ ಬಲಗೈ ನೋಡಿ ಎತ್ತಿದ್ದೆ. ಎಂಥ ಹುಚ್ಚಿ! ದೇವರಿಗೆ ಶುಭ ಮಾಡಲು ಹೋಗಿ, ಬೆಂಕಿ ಹತ್ತಿದಾಗ ನೀರು ಬಂದ್ ಆಗುವಂತೆ ಮಾಡಿಟ್ಟಿದ್ದೆ. ಹಡಗು ಅವರ ದೇಶಕ್ಕೆ ಹೋಗಿದ್ದರೆ ಆ ಚಕ್ರ ತಿರುಗಿಸುವವರು ಇವರೇ, ಇಲ್ಲವೇ ಮೊದಲನೇ ಸಲ ಮನೆ ಬಿಟ್ಟು ಬಂದ ಯಾರೋ.

ಅದರ ಹಿಂದೆಯೇ ಇನ್ನೊಂದು ಬಂತು. ಅದನ್ನು ಮುಚ್ಚಿಡುವುದಿಲ್ಲ. ಹಡಗು ಹೋಗಲಿಲ್ಲವಲ್ಲ, ಪುಣ್ಯ ಅನಿಸಿತು. ಯುದ್ಧ ಬಂದದ್ದು ಒಳ್ಳೆಯದೇ ಆಯಿತು ಅನಿಸಿತು. ನಂಬರಿಗೆ ಸರಿಯಾಗಿ ಹಿಂಬದಿ ಕೊರೆಸಿದರೆ ಮುಗಿಯಿತು, ನನ್ನ ತಪ್ಪು ಗೋಡೆಗೆ ಮುಖ ಮಾಡಿ ಇರುತ್ತದೆ, ನನ್ನ ಮೂವತ್ತು ವರ್ಷಕ್ಕೆ ಕಲೆ ಹತ್ತುವುದಿಲ್ಲ. ಎರಡೂ ಪ್ಲೇಟು ತಿರುವಿ ಮಶೀನಿನಾಕೆಗೆ ಕೊಟ್ಟೆ. ಆಕೆ ಕೊರೆದಳು. ಮೂರು ಸಲ ತಪಾಸಣೆ ಮಾಡಿದೆ, ಸರಿ ಇದ್ದವು.

ಸಂಜೆ ತಡೆಯಲಾರದೆ ಮಾಲಕರಿಗೆ ಹೇಳಿದೆ. ಅವರು ಬೈಯುತ್ತಾರೆ ಅಂತ ತಯಾರಾಗಿ ಹೋಗಿದ್ದೆ. ಅವರು ಎರಡೂ ಕೈ ಜೋಡಿಸಿ ಮೇಲೆ ನೋಡಿದರು.

"ದೇವ್ರು ಉಳಿಸಿದಾನ ನೋಡ್ರಿ. ಹಡಗ ನಮ್ಮವರು ಇಟ್ಕೊಂಡಿದ್ದು ಛಲೋ ಆತು. ಇನ್ನ ಬಾಯಿ ಮುಚ್ಕೊಂಡಿರ್ರಿ, ಅವ್ರಿಗೆ ಹೇಳ್ಲಿಕ್ಕೆ ಹೋಗಬ್ಯಾಡ್ರಿ."

ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನೇ ಅವರು ಬಾಯಿಂದ ಅಂದಿದ್ದರು. ಒಳಗಿದ್ದಾಗ ತಣ್ಣಗಿದ್ದ ಮಾತು ಹೊರಗೆ ಕೇಳಿದಾಗ ಹೊಲಸು ಅನಿಸಿತು. "ಏನ ಛಲೋ ಆತ್ರಿ? ಯಾರಿಗೆ ಛಲೋ ಆತು?" ಅಂತ ಜೋರಾಗಿ ಅಂದೆ. ಮೂವತ್ತು ವರ್ಷದಲ್ಲಿ ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ. ಸಾಹೇಬರು ಸ್ಕೂಟರಿನ ಹತ್ತಿರ ಕಾಯುತ್ತಿದ್ದರು. ಊರಿನಿಂದ ಆದೇಶ ಬಂದಿತ್ತು, ನಾಡದು ಮುಂಜಾನೆ ಹೋಗುವುದು ಅಂದರು.

ಆವತ್ತು ದಾರಿಯುದ್ದಕ್ಕೂ ಹೇಳಬೇಕು ಅಂತ ಬಾಯಿ ತನಕ ಬಂತು. ಪ್ರತಿ ಸಿಗ್ನಲ್ಲಿಗೂ ಮುಂದಿನ ಸಿಗ್ನಲ್ಲಿನಲ್ಲಿ ಹೇಳೋಣ ಅಂದುಕೊಂಡೆ. ಕೋಥರೂಡ ಬಂದೇಬಿಟ್ಟಿತು. ಮರುದಿನವೂ ಅದೇ ಹಾಡು. ಬೇರೆ ಏನೇನೋ ಮಾತಾಡಿದೆ. ಅವರಿಗೆ ಶೇಂಗಾ ಚಟ್ನಿಯ ಪುಡಿ ಕಟ್ಟಿಕೊಟ್ಟೆ.

ಹೋಗುವ ದಿನ ಮುಂಜಾನೆ ಸೊಸೈಟಿಯ ಗೇಟಿನಲ್ಲಿ ಟ್ಯಾಕ್ಸಿಗಾಗಿ ನಿಂತಿದ್ದರು. ಎರಡು ಚೀಲ, ಇಸ್ತ್ರಿಯ ಅಂಗಿ. ಹಾಲಿನವನು ಬಂದು ಹೋದ. ನಾನು ಹತ್ತಿರ ಹೋಗಿ ಮುಖ ನೋಡದೆ ಎಲ್ಲ ಹೇಳಿಬಿಟ್ಟೆ. ಖಂಡೇನವಮಿ, ಲಕ್ಷ್ಮಿಯ ಬಲಗೈ, ನನ್ನ ಬಲಗೈ, ಸಮುದ್ರದ ನೀರಿನ ವಾಲ್ವು. ಮೊದಲ ದಿನ ಅವರು ನೋಡುತ್ತೇನೆ ಅಂದಾಗ ನಾನು ಬಿಡದೇ ಇದ್ದದ್ದನ್ನೂ ಹೇಳಿದೆ. ಹಡಗು ಹೋಗಲಿಲ್ಲ ಅಂತ ನನಗೆ ಸಮಾಧಾನ ಆಗಿತ್ತು ಅನ್ನುವುದನ್ನೂ ಬಿಡಲಿಲ್ಲ.

ಅವರು ಚೀಲ ಕೆಳಗಿಟ್ಟರು. ಲೆಕ್ಕ ಹಾಕುವವರಂತೆ ನೆಲ ನೋಡಿದರು.

"ಆ ವಾಲ್ವ್ ನನಗ ಗೊತ್ತದರಿ," ಅಂದರು. "ಎಂಜಿನ್ ಖೋಲಿ ಬಾಗಿಲ ಹತ್ರ, ಎಡಕ್ಕ. ಹಡಗ ಕೈಗೆ ಬಂದ ಮ್ಯಾಲೆ ಮೊದಲ ವಾರ ಒಂದೊಂದೂ ವಾಲ್ವ್ ತಿರುಗಿಸಿ ನೋಡ್ತೀವಿ. ಪ್ಲೇಟಿನ ಮ್ಯಾಲೆ ಏನ ಬರದಿದ್ರೂ ನಂಬೂದಿಲ್ಲ, ನೀರ ಬಂದ್ರ ನಂಬ್ತೀವಿ. ಅದು ನನ್ನ ಕೆಲಸಾನ. ಸಿಗತಿತ್ತು."

"ಸಿಕ್ಕಿದ್ರ ಏನ್ ಮಾಡ್ತಿದ್ರಿ?"

"ನಿಮಗ ಫೋನ್ ಹಚ್ಚಿ ಬೈತಿದ್ದೆ. ಮೂವತ್ತ ವರ್ಷದ ಮಾತ ತಗದು ಭಾಳ ಬೈತಿದ್ದೆ."

"ಹಂಗಾರ ಈಗ ಬೈರಿ," ಅಂದೆ. ಕಣ್ಣಲ್ಲಿ ನೀರು ಬಂದಿತ್ತು. "ಎದುರಿಗೇ ನಿಂತೀನಿ. ಬೈರಿ."

ಟ್ಯಾಕ್ಸಿ ಬಂತು. ಅವರು ಚೀಲ ಒಳಗಿಟ್ಟು, ಬಾಗಿಲು ಹಿಡಿದು ನಿಂತು, ನಮ್ಮಿಂದ ಕಲಿತ ಕನ್ನಡದಲ್ಲೇ ಅಂದರು.

"ಹೆಂಗ ಬೈಲಿರಿ, ಅಕ್ಕಾರ? ತಪ್ಪ ಇದ್ದಿದ್ರೂ ನಡೀತಿತ್ತು. ಹಡಗ ಇರಬೇಕಾಗಿತ್ತು."